ಸೀಟು ಗುಂಯ್‌ಗುಟ್ಟಿದರೆ, ಪೆಡಲ್ ಸುಮ್ಮನಾದರೆ: ಸಿಮ್ ರೇಸಿಂಗ್ ಬೇಸ್ ಶೇಕರ್‌ಗಳ ದೋಷ ನಿವಾರಣೆ ಕೈಪಿಡಿ

ಕಂಪ್ಯೂಟರಿನ ಕಾರ್ ರೇಸ್ ಆಟಕ್ಕೆ ತಕ್ಕಂತೆ ಸೀಟು, ಪೆಡಲ್ ನಡುಗಿಸುವ ಬೇಸ್ ಶೇಕರ್ ಹಾಕಿದ ರಿಗ್ (ಸೀಟು, ಸ್ಟೀರಿಂಗ್, ಪೆಡಲ್ ಜೋಡಿಸಿದ ಚೌಕಟ್ಟು) ಕೈಕೊಟ್ಟಾಗ ಎಲ್ಲರ ಕೈ ಮೊದಲು ಹೋಗುವುದು ವಾಲ್ಯೂಮ್ ನಾಬ್‌ಗೆ. ಶೇಕರ್ ಅಲುಗುತ್ತಿಲ್ಲವಾ, ಏರಿಸು. ಇನ್ನೂ ಇಲ್ಲವಾ, ಕಂಪನ ಕಳಿಸುವ ಸಾಫ್ಟ್‌ವೇರ್ ಆದ ಸಿಮ್‌ಹಬ್‌ನಲ್ಲೂ ಏರಿಸು. ಆಮೇಲೆ ಎಲ್ಲೋ ಸಡಿಲವಾಗಿದ್ದ ತಂತಿ ತಾನಾಗೇ ತಗುಲುತ್ತದೆ. ಪೂರ್ತಿ ಪವರ್ ಒಂದೇ ಏಟಿಗೆ ಶೇಕರ್‌ಗೆ ಹೋಗಿ ಕಾಯಿಲ್ ಸುಡುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ದೋಷ ಸಿಗುವ ತನಕ ಆಂಪ್ಲಿಫೈಯರ್ ಅಂದರೆ ಆಂಪ್‌ನ ವಾಲ್ಯೂಮ್ ಕಾಲು ಭಾಗ ದಾಟಬಾರದು.

ಶೇಕರ್ ಅನ್ನುವುದು ಬಹಳ ಸರಳವಾದ ವಸ್ತು. ಒಂದು ಕಾಯಿಲ್, ಒಂದು ಆಯಸ್ಕಾಂತ, ಅದನ್ನು ಹಿಡಿದಿರುವ ಸ್ಪ್ರಿಂಗ್, ಅಷ್ಟೇ. ಅದು ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ತಂತಿ, ಅರ್ತಿಂಗ್, ಮತ್ತೆ ವಿಂಡೋಸ್ ಸೆಟ್ಟಿಂಗ್. ಹೊಸ ಶೇಕರ್ ಆರ್ಡರ್ ಮಾಡುವ ಮುಂಚೆ ಈ ಮೂರನ್ನು ತಪಾಸಣೆ ಮಾಡಿದರೆ ಸಾಮಾನ್ಯವಾಗಿ ಖರ್ಚೇ ಬರುವುದಿಲ್ಲ.

ಇಲ್ಲಿ ನಾನು ಲೆಕ್ಕಕ್ಕೆ ಹಿಡಿದಿರುವ ಸೆಟಪ್ ಹೀಗಿದೆ. ಆಟದ ಸದ್ದು ಮದರ್‌ಬೋರ್ಡ್‌ನಿಂದ ಹೆಡ್‌ಫೋನ್‌ಗೆ ಹೋಗುತ್ತದೆ. ಕಂಪನಕ್ಕೆ ಬೇರೆಯದೇ ಒಂದು ಯುಎಸ್‌ಬಿ 7.1 ಸೌಂಡ್ ಕಾರ್ಡ್. ಸಿಮ್‌ಹಬ್‌ನ ಶೇಕ್‌ಇಟ್ ಭಾಗ ಆಟದ ಟೆಲಿಮೆಟ್ರಿ (ಕಾರಿನ ವೇಗ, ಗೇರ್, ಆರ್‌ಪಿಎಂ ಥರದ ಮಾಹಿತಿ) ಓದಿ, ಅದನ್ನು ತರಂಗ ಮಾಡಿ ಆ ಕಾರ್ಡ್‌ಗೆ ಕಳಿಸುತ್ತದೆ. ಅಲ್ಲಿಂದ ಟಿಪಿಎ3116 ಚಿಪ್ ಇರುವ ಎರಡು ಚಿಕ್ಕ ಆಂಪ್‌ಗಳು, 24 ವೋಲ್ಟ್ ಅಡಾಪ್ಟರ್ ಜೊತೆ. ಸೀಟಿನ ಎಡಬಲಕ್ಕೆ ಡೇಟನ್ ಬಿಎಸ್‌ಟಿ-1 ಥರದ 4 ಓಮ್, 50 ವ್ಯಾಟ್ ಶೇಕರ್‌ಗಳು, ಪೆಡಲ್ ಪ್ಲೇಟಿಗೆ ಪಕ್ ಅಂತ ಕರೆಯುವ ಟಿಟಿ25 ಥರದ ಚಿಕ್ಕವು. ನಿಮ್ಮಲ್ಲಿ ಬಟ್‌ಕಿಕರ್ ಬ್ರ್ಯಾಂಡಿನ ಶೇಕರ್ ಇರಬಹುದು, ಇಲ್ಲಾ ದೊಡ್ಡ ಪಿಎ ಆಂಪ್ ಇರಬಹುದು. ಹುಡುಕುವ ದಾರಿ ಅದೇ.

ಬೇಕಾದ ಸಾಮಾನು: ಒಂದು ಮಲ್ಟಿಮೀಟರ್, ಒಂದು 1.5 ವೋಲ್ಟ್ ಸೆಲ್, 3.5 ಎಂಎಂ ಕೇಬಲ್, ಒಂದು ಫೋನ್. ಬೆಂಗಳೂರಿನವರು ಎಸ್‌ಪಿ ರೋಡಿಗೆ ಒಂದು ಸಲ ಹೋದರೆ ಫೋನ್ ಒಂದು ಬಿಟ್ಟು ಎಲ್ಲ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಮೊದಲು ಸರಪಳಿಯನ್ನು ಎರಡು ತುಂಡು ಮಾಡಿ

ಕಂಪ್ಯೂಟರ್‌ನಿಂದ ಶೇಕರ್ ತನಕ ಎಂಟು ಹತ್ತು ಕೊಂಡಿಗಳಿವೆ. ಒಂದೊಂದನ್ನೇ ನೋಡುತ್ತಾ ಹೋದರೆ ಭಾನುವಾರ ಮುಗಿಯುತ್ತದೆ. ಬದಲಿಗೆ ಮಧ್ಯದಲ್ಲಿ ಕಡಿಯಿರಿ. ಆಂಪ್‌ನ ಇನ್‌ಪುಟ್‌ನಿಂದ ಸೌಂಡ್ ಕಾರ್ಡ್‌ನ ಕೇಬಲ್ ಕಿತ್ತು, ಅಲ್ಲಿಗೆ ಫೋನ್ ಚುಚ್ಚಿ. ಫೋನ್‌ನಲ್ಲಿ ಜ್ಯಾಕ್ ಇಲ್ಲದಿದ್ದರೆ ಟೈಪ್-ಸಿ ಡಾಂಗಲ್ ಸಾಕು. ಯಾವುದಾದರೂ ಟೋನ್ ಜನರೇಟರ್ ಆ್ಯಪ್ ಹಾಕಿ 40 ಹರ್ಟ್ಜ್ ಸೈನ್ ಟೋನ್ ಬಿಡಿ.

ಶೇಕರ್ ಅಲುಗಿದರೆ ಆಂಪ್, ತಂತಿ, ಶೇಕರ್ ಮೂರೂ ಸರಿ ಇವೆ. ದೋಷ ಇರುವುದು ಸೌಂಡ್ ಕಾರ್ಡ್, ವಿಂಡೋಸ್ ಅಥವಾ ಸಿಮ್‌ಹಬ್‌ನಲ್ಲಿ. ಅಲುಗದಿದ್ದರೆ ಕಂಪ್ಯೂಟರನ್ನು ಮುಟ್ಟಲೇಬೇಡಿ, ಆಂಪ್‌ನಿಂದ ಆಚೆಗೆ ನೋಡಿ.

ಫೋನ್ ಯಾಕೆ, ಲ್ಯಾಪ್‌ಟಾಪ್ ಯಾಕೆ ಬೇಡ ಅಂದರೆ, ಚಾರ್ಜರ್ ಕಿತ್ತ ಫೋನ್‌ಗೆ ಗೋಡೆಯ ಕರೆಂಟಿನ ಜೊತೆ ಯಾವ ಸಂಬಂಧವೂ ಇಲ್ಲ. ಅದಕ್ಕೆ ಅರ್ತ್ ಇಲ್ಲ. ಹಾಗಾಗಿ ಇದೇ ಪರೀಕ್ಷೆ ಮುಂದೆ ಬರುವ ಹಮ್, ಅಂದರೆ ಗುಂಯ್‌ಗುಟ್ಟುವ ಪ್ರಶ್ನೆಗೂ ಅರ್ಧ ಉತ್ತರ ಕೊಡುತ್ತದೆ.

ಆಟ ಆಡದಿದ್ದಾಗಲೂ ಸೀಟು ಗುಂಯ್‌ಗುಟ್ಟುತ್ತಿದೆ

ಜನ ಜಾಸ್ತಿ ತಲೆಕೆಡಿಸಿಕೊಳ್ಳುವುದು ಇದಕ್ಕೇ. ಗುಂಡಿ ಒತ್ತಿ ಆಂಪ್ ಆನ್ ಮಾಡಿದ ಕೂಡಲೇ ಹಳೇ ಫ್ರಿಜ್‌ಗೆ ಬೆನ್ನು ಕೊಟ್ಟು ಕೂತ ಹಾಗೆ ಒಂದೇ ಸಮನೆ ಸಣ್ಣ ನಡುಕ. ಆಟ ಶುರುವಾದ ಮೇಲೆ ಅದು ಮರೆಯಾಗುತ್ತದೆ, ಆದರೆ ಸಣ್ಣ ಸಣ್ಣ ಕಂಪನಗಳನ್ನು ನುಂಗಿಹಾಕುತ್ತದೆ. ರಸ್ತೆಯ ಒರಟುತನ ಗೊತ್ತಾಗುವುದೇ ಇಲ್ಲ.

ಕಾರಣ ಸರಳ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಜ್. ಶೇಕರ್ ಚೆನ್ನಾಗಿ ಕೆಲಸ ಮಾಡುವುದು ಸುಮಾರು 20ರಿಂದ 80 ಹರ್ಟ್ಜ್ ಒಳಗೆ. ಕರೆಂಟಿನ ಹಮ್ ಬಂದು ಬೀಳುವುದು ಸರಿಯಾಗಿ ಅದರ ಮಧ್ಯಕ್ಕೇ. ಚಿಕ್ಕ ಡೆಸ್ಕ್ ಸ್ಪೀಕರ್‌ಗಳು 50 ಹರ್ಟ್ಜ್ ಅನ್ನು ಸರಿಯಾಗಿ ನುಡಿಸುವುದೇ ಇಲ್ಲ. ಅದಕ್ಕೇ ಅದೇ ಸಾಕೆಟ್, ಅದೇ ಕಂಪ್ಯೂಟರ್ ಇದ್ದರೂ ಸ್ಪೀಕರ್‌ನಲ್ಲಿ ಕೇಳದ ಹಮ್ ಬೆನ್ನಿಗೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಇರುವವರು ಮುಂದೆ 50 ಬಂದ ಕಡೆ 60, 100 ಬಂದ ಕಡೆ 120 ಅಂತ ಓದಿಕೊಳ್ಳಿ.

ಮೊದಲು ಅದು ಯಾವ ಹಮ್ ಅಂತ ಗುರುತು ಹಿಡಿಯಿರಿ. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಇದೆ. ಅದರಲ್ಲಿ ಅಕ್ಸೆಲರೇಶನ್ ಸ್ಪೆಕ್ಟ್ರಮ್ ಆರಿಸಿ, ಫೋನನ್ನು ಸೀಟಿನ ಮೇಲೆ ಮಲಗಿಸಿ. ಗೆರೆ ಎಲ್ಲಿ ಎದ್ದು ನಿಲ್ಲುತ್ತದೆ ನೋಡಿ. 50ರ ಹತ್ತಿರ ಎದ್ದರೆ ಅರ್ತ್ ಲೂಪ್ ಅಥವಾ ಕರೆಂಟಿನ ತಂತಿ ಪಕ್ಕದಲ್ಲೇ ಹಾದುಹೋದ ಸಿಗ್ನಲ್ ಕೇಬಲ್ ಮೇಲೆ ಅನುಮಾನ ಪಡಿ. 100ರ ಹತ್ತಿರ ಎದ್ದರೆ ಪವರ್ ಸಪ್ಲೈಯೊಳಗಿನ ಕೆಪಾಸಿಟರ್ ಸೊರಗಿರಬಹುದು. ಒಂದು ಎಚ್ಚರಿಕೆ: ಫೋನಿನ ಸೆನ್ಸರ್ ಸೆಕೆಂಡಿಗೆ 200 ಸಲ ಅಳೆದರೆ 100 ಹರ್ಟ್ಜ್ ತನಕ ಮಾತ್ರ ಕಾಣುತ್ತದೆ. 100 ಸಲ ಅಳೆದರೆ 50ಕ್ಕೇ ನಿಲ್ಲುತ್ತದೆ. ಅಗ್ಗದ ಫೋನ್‌ನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಹಮ್ ಇಲ್ಲ ಅಂತಲ್ಲ. ಆಗ ಅದೇ ಆ್ಯಪ್‌ನ ಆಡಿಯೊ ಸ್ಪೆಕ್ಟ್ರಮ್ ಹಾಕಿ ಮೈಕನ್ನು ಶೇಕರ್‌ಗೆ ಹತ್ತಿರ ಹಿಡಿಯಿರಿ.

ಈಗ ಆಂಪ್‌ನ ಇನ್‌ಪುಟ್ ಕೇಬಲ್ ಪೂರ್ತಿ ಕಿತ್ತುಹಾಕಿ. ಆಂಪ್ ಕಡೆಯ ತುದಿಯನ್ನು ಕೀಳಬೇಕು, ಸೌಂಡ್ ಕಾರ್ಡ್ ಕಡೆಯದ್ದಲ್ಲ. ಕೇಬಲ್ ಆಂಪ್‌ಗೇ ಅಂಟಿಕೊಂಡು ಇನ್ನೊಂದು ತುದಿ ಸುಮ್ನೆ ನೇತಾಡುತ್ತಿದ್ದರೆ ಆ ಕೇಬಲ್ಲೇ ಆಂಟೆನಾ ಆಗಿ ಹಮ್ ಎಳೆದುಕೊಂಡು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಕಿತ್ತ ಮೇಲೂ ಗುಂಯ್ ನಿಲ್ಲಲಿಲ್ಲವಾ? ಹಾಗಾದರೆ ಆಂಪ್ ಅಥವಾ ಅದರ ಅಡಾಪ್ಟರ್ ದೋಷಿ. ಬೇರೆ 24 ವೋಲ್ಟ್ ಅಡಾಪ್ಟರ್ ಹಾಕಿ ನೋಡಿ, ಅಲ್ಲಿಗೆ ಮುಗಿಯಿತು. ನಿಂತುಹೋಯಿತಾ? ಹಾಗಾದರೆ ಫೋನ್ ಚುಚ್ಚಿ. ಫೋನ್ ಇದ್ದಾಗ ಮೌನ, ಕಂಪ್ಯೂಟರ್ ಕೇಬಲ್ ಹಾಕಿದ ಕೂಡಲೇ ಗುಂಯ್ ಅಂದರೆ ಅದು ಅರ್ತ್ ಲೂಪ್. ಇನ್ನು ಅನುಮಾನ ಬೇಡ.

ಅರ್ತ್ ಲೂಪ್ ಅಂದರೆ ಇಷ್ಟೇ. ಕಂಪ್ಯೂಟರ್ ಒಂದು ದಾರಿಯಲ್ಲಿ ಅರ್ತ್‌ಗೆ ತಗುಲಿದೆ, ಇನ್ನೊಂದು ಉಪಕರಣ ಇನ್ನೊಂದು ದಾರಿಯಲ್ಲಿ ತಗುಲಿದೆ, ಎರಡರ ನಡುವೆ ಸಿಗ್ನಲ್ ಕೇಬಲ್‌ನ ಶೀಲ್ಡ್ (ಹೊರಗಿನ ಲೋಹದ ಹೊದಿಕೆ) ಸೇತುವೆ ಕಟ್ಟಿದೆ. ಎರಡು ಅರ್ತ್‌ಗಳ ನಡುವೆ ಇರುವ ಸಣ್ಣ ವೋಲ್ಟೇಜ್ ವ್ಯತ್ಯಾಸ ಆ ಶೀಲ್ಡ್ ಮೂಲಕ ಹರಿಯುತ್ತದೆ. ಆಂಪ್ ಅದನ್ನೂ ಸಿಗ್ನಲ್ ಅಂತಲೇ ತಿಳಿದು ದೊಡ್ಡದು ಮಾಡುತ್ತದೆ.

ಆ ಇನ್ನೊಂದು ದಾರಿ ಎಲ್ಲಿದೆ ಅಂತ ಹುಡುಕಲು ಒಂದೊಂದೇ ವಸ್ತು ಕೀಳಿ. ಮೊದಲು ಟಿವಿಗೆ ಹೋಗುವ ಎಚ್‌ಡಿಎಂಐ. ದೊಡ್ಡ ಟಿವಿಯನ್ನೇ ಮಾನಿಟರ್ ಮಾಡಿಕೊಂಡವರ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್‌ನ ಡಿಶ್ ಕೇಬಲ್ ಛಾವಣಿಯಿಂದ ಇನ್ನೊಂದು ಅರ್ತ್ ಹೊತ್ತು ತರುತ್ತದೆ. ಅದನ್ನು ಕಿತ್ತ ತಕ್ಷಣ ಸೀಟು ತಣ್ಣಗಾಗುವುದು ಅಪರೂಪವಲ್ಲ. ಆಮೇಲೆ ಸ್ಟೀರಿಂಗ್ ತಿರುಗಿಸುವ ಮೋಟಾರ್ ಇರುವ ವೀಲ್‌ಬೇಸ್‌ನ ಯುಎಸ್‌ಬಿ, ಪೆಡಲ್ ಯುಎಸ್‌ಬಿ, ನೆಟ್‌ವರ್ಕ್ ಕೇಬಲ್. ಯಾವುದನ್ನು ಕಿತ್ತಾಗ ಗುಂಯ್ ನಿಂತಿತೋ ಅದೇ ದಾರಿ.

ಅರ್ಧಕ್ಕರ್ಧ ಸಲ ಪರಿಹಾರ ಒಂದೇ: ಕಂಪ್ಯೂಟರ್, ಮಾನಿಟರ್, ಆಂಪ್, ವೀಲ್‌ಬೇಸ್ ಎಲ್ಲವನ್ನೂ ಒಂದೇ ಗೋಡೆ ಸಾಕೆಟ್‌ನಿಂದ ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. 16 ಆಂಪಿಯರ್ ಪಾಯಿಂಟ್ ಇದ್ದರೆ ಅಲ್ಲಿಂದಲೇ ತೆಗೆದುಕೊಳ್ಳಿ. ಆ ಬೋರ್ಡಿಗೆ ಮೂರನೇ ಪಿನ್ ನಿಜಕ್ಕೂ ತಂತಿಗೆ ಜೋಡಿಸಿದೆಯಾ ಅಂತ ಬಿಚ್ಚಿ ನೋಡಿ. ಮೂರು ತೂತು ಇದ್ದು ಒಳಗೆ ಎರಡೇ ತಂತಿ ಇರುವ ಅಗ್ಗದ ಬೋರ್ಡುಗಳು ನಮ್ಮಲ್ಲಿ ಬೇಕಾದಷ್ಟು ಸಿಗುತ್ತವೆ.

ಅರ್ತಿಂಗ್ ಇದೆಯಾ ಇಲ್ಲವಾ

ಟೆಸ್ಟರ್ ತೆಗೆದುಕೊಂಡು ಕ್ಯಾಬಿನೆಟ್‌ನ ಹಿಂದಿನ ಬಣ್ಣವಿಲ್ಲದ ಸ್ಕ್ರೂಗೆ ಮುಟ್ಟಿಸಿ. ದೀಪ ಉರಿಯಿತಾ? ಅರ್ತ್ ಇಲ್ಲ. ಬೆವರಿದ ಕೈ ತಗುಲಿದಾಗ ಜುಮ್ ಅನ್ನುವುದೂ ಇದಕ್ಕೇ. ಕಂಪ್ಯೂಟರ್‌ನ ಪವರ್ ಸಪ್ಲೈಯೊಳಗೆ ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ಚಾಸಿಗೆ (ಲೋಹದ ಮೈಗೆ) ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ, ಗದ್ದಲ ಸೋಸುವುದಕ್ಕೆ. ಅರ್ತ್ ಇಲ್ಲದಿದ್ದರೆ ಆ ಎರಡರ ನಡುವೆ ಸಿಕ್ಕಿಕೊಂಡ ಚಾಸಿ ಸುಮಾರು ಅರ್ಧ ವೋಲ್ಟೇಜ್‌ನಲ್ಲಿ, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ತೇಲುತ್ತದೆ. ಕರೆಂಟ್ ಬಹಳ ಕಡಿಮೆ, ಹಾಗಾಗಿ ಜುಮ್ ಅಂತ ಬಿಡುತ್ತದೆ. ಆದರೆ ಅದು ನಿಮ್ಮ ಆಡಿಯೊ ಕೇಬಲ್‌ನ ಶೀಲ್ಡ್ ಮೂಲಕ ಆಂಪ್‌ಗೂ ಹೋಗುತ್ತದೆ.

ಮೀಟರ್ ಬಳಸಿ ಅಭ್ಯಾಸ ಇರುವವರು ಎಸಿ 750 ವೋಲ್ಟ್ ರೇಂಜ್‌ನಲ್ಲಿ ಸಾಕೆಟ್ ಅಳೆಯಿರಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230 ಹತ್ತಿರ, ಫೇಸ್‌ನಿಂದ ಅರ್ತ್‌ಗೂ ಅಷ್ಟೇ, ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೆರಡು ವೋಲ್ಟ್ ಬರಬೇಕು. ಅದರ ಬದಲು ನ್ಯೂಟ್ರಲ್‌ನಿಂದ ಅರ್ತ್‌ಗೆ ಹತ್ತಾರು ವೋಲ್ಟ್ ತೋರಿಸಿದರೆ ರಿಗ್ ಕೆಲಸ ಪಕ್ಕಕ್ಕಿಟ್ಟು ಎಲೆಕ್ಟ್ರಿಷಿಯನ್ ಕರೆಸಿ. ಅಭ್ಯಾಸ ಇಲ್ಲದವರು ಸಾಕೆಟ್‌ಗೆ ಮೀಟರ್ ಚುಚ್ಚಲು ಹೋಗಲೇಬೇಡಿ.

ಹಮ್ ನಿಲ್ಲಿಸಲು ಪ್ಲಗ್‌ನ ಅರ್ತ್ ಪಿನ್ ಮುರಿಯುವುದು, ಎರಡು ಪಿನ್ ಅಡಾಪ್ಟರ್ ಹಾಕುವುದು ಹಳೇ ಉಪಾಯ. ಹಮ್ ನಿಲ್ಲುತ್ತದೆ ಕೂಡ. ಆದರೆ ನೀವು ಕೂತಿರುವುದು ಅಲ್ಯುಮಿನಿಯಂ ಚೌಕಟ್ಟಿನ ಮೇಲೆ, ಬರಿಗಾಲಲ್ಲಿ, ಬೆವರುತ್ತಾ. ಯಾವುದಾದರೂ ಪವರ್ ಸಪ್ಲೈಯಲ್ಲಿ ಫೇಸ್ ಚಾಸಿಗೆ ತಗುಲಿದರೆ ಫ್ಯೂಸ್ ಹಾರಿಸುವ ದಾರಿಯನ್ನೇ ನೀವು ಕಡಿದಿರುತ್ತೀರಿ. ಬೇಡ.

ಮನೆಯಲ್ಲಿ ಇನ್ವರ್ಟರ್ ಇದ್ದು, ಕರೆಂಟ್ ಹೋದಾಗ ಮಾತ್ರ ಗುಂಯ್ ಒರಟಾಗುತ್ತದಾ? ಅದು ಸ್ಕ್ವೇರ್ ವೇವ್ ಮಾದರಿ ಇರಬೇಕು. ಅದಕ್ಕೆ ರಿಗ್‌ನಲ್ಲಿ ಮದ್ದಿಲ್ಲ. ಕರೆಂಟ್ ಬರುವ ತನಕ ಆಂಪ್ ಆಫ್ ಮಾಡಿ ಆಡಿ.

ಐಸೊಲೇಟರ್ ಹಾಕಿದ ಮೇಲೆ ಹಮ್ ಹೋಯಿತು, ಬೇಸೂ ಹೋಯಿತು

ಎಲ್ಲ ಮಾಡಿದರೂ ಲೂಪ್ ಹೋಗದಿದ್ದರೆ ಜನ 3.5 ಎಂಎಂ ಗ್ರೌಂಡ್ ಲೂಪ್ ಐಸೊಲೇಟರ್ ಕೊಳ್ಳುತ್ತಾರೆ. ಬೆರಳುದ್ದದ ಡಬ್ಬಿ, ಒಳಗೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಎರಡು ಟ್ರಾನ್ಸ್‌ಫಾರ್ಮರ್‌ಗಳು. ಹಾಡು ಕೇಳಲು ಅಡ್ಡಿಯಿಲ್ಲ. ಆದರೆ ಆವರ್ತನ ಕಡಿಮೆಯಾದಷ್ಟೂ ಟ್ರಾನ್ಸ್‌ಫಾರ್ಮರ್‌ಗೆ ದೊಡ್ಡ ಕಬ್ಬಿಣದ ತಿರುಳು ಬೇಕು. ಈ ಪುಟ್ಟ ತಿರುಳು 20, 30 ಹರ್ಟ್ಜ್‌ನಲ್ಲಿ ಕಾಂತತ್ವದಿಂದ ತುಂಬಿಹೋಗಿ ಸಿಗ್ನಲ್ ದಾಟಿಸಲಾರದು. ಶೇಕರ್‌ಗೆ ಬೇಕಾದ ಭಾಗವೇ ಅದು ಅಲ್ವಾ? ಗುಂಯ್ ಜೊತೆಗೆ ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬು ಪಟ್ಟಿ) ಹತ್ತಿದ ಹೊಡೆತವೂ ಮಾಯ.

ಪರೀಕ್ಷೆ ಸುಲಭ. ಫೋನ್‌ನಿಂದ 25 ಹರ್ಟ್ಜ್ ಟೋನ್ ಬಿಡಿ. ಆಂಪ್‌ನ ಔಟ್‌ಪುಟ್‌ಗೆ ಮೀಟರ್ ಹಿಡಿದು ಎಸಿ ವೋಲ್ಟ್ ನೋಡಿ. ಐಸೊಲೇಟರ್ ಇಲ್ಲದೆ ಎಷ್ಟು, ಇದ್ದಾಗ ಎಷ್ಟು? ಅರ್ಧಕ್ಕಿಂತ ಕೆಳಗೆ ಇಳಿದರೆ ಅದನ್ನು ಕಾರಿನ ಸ್ಟೀರಿಯೊಗೆ ಎತ್ತಿಡಿ.

ಇದಕ್ಕಿಂತ ನನಗೆ ಹಿಡಿಸಿದ್ದು ಲೂಪನ್ನು ಆಡಿಯೊ ಕಡೆ ಅಲ್ಲ, ಯುಎಸ್‌ಬಿ ಕಡೆ ಕಡಿಯುವುದು. ಎಡಿಯುಎಂ3160 ಚಿಪ್ ಇರುವ ಯುಎಸ್‌ಬಿ ಐಸೊಲೇಟರ್ ಬೋರ್ಡ್‌ಗಳು ಸಿಗುತ್ತವೆ. ಅವು ಸೆಕೆಂಡಿಗೆ 12 ಮೆಗಾಬಿಟ್ ತನಕ ಮಾತ್ರ ಕಳಿಸುತ್ತವೆ. ಆದರೆ ಎಂಟು ಚಾನಲ್, 16 ಬಿಟ್, 48 ಕಿಲೋಹರ್ಟ್ಜ್ ಆಡಿಯೊಗೆ ಬೇಕಾಗುವುದು ಸುಮಾರು 6 ಮೆಗಾಬಿಟ್. ಹಾಗಾಗಿ ಸಿಎಂ6206 ಥರದ ಚಿಪ್ ಇರುವ ಸಾದಾ 7.1 ಕಾರ್ಡಿಗೆ ಸಾಕು. ಆ ಬೋರ್ಡಿನ ಪವರ್ ಕಡಿಮೆ, ಹಾಗಾಗಿ ಅದರ ಹಿಂದೆ ಹಬ್ ಹಾಕಿ ಇನ್ನೂ ನಾಲ್ಕು ಸಾಮಾನು ನೇತುಹಾಕಬೇಡಿ. ಎರಡೇ ಚಾನಲ್ ಸಾಕು ಅನ್ನುವವರಿಗೆ ಮದರ್‌ಬೋರ್ಡ್‌ನ ಆಪ್ಟಿಕಲ್ ಔಟ್ ಮತ್ತು ಒಂದು ಡ್ಯಾಕ್ (ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಡಬ್ಬಿ) ಇನ್ನೂ ಚೊಕ್ಕ. ಬೆಳಕಿನ ತಂತಿಯಲ್ಲಿ ಅರ್ತ್ ಹರಿಯುವುದಿಲ್ಲ.

ಒಂದು ಮೂಲೆ ಅಲುಗುವುದೇ ಇಲ್ಲ

ಆಂಪ್ ಆಫ್ ಮಾಡಿ, ಔಟ್‌ಪುಟ್‌ನಲ್ಲಿ ಎಡ ಬಲ ತಂತಿ ಅದಲುಬದಲು ಮಾಡಿ. ದೋಷ ಜಾಗ ಬದಲಿಸಿದರೆ ಆಂಪ್ ಅಥವಾ ಅದರ ಹಿಂದೆ ತೊಂದರೆ. ಅದೇ ಶೇಕರ್ ಸುಮ್ಮನೇ ಇದ್ದರೆ ತಂತಿ ಅಥವಾ ಶೇಕರ್.

ತಂತಿ ಬಿಚ್ಚಿ ಓಮ್ ಅಳೆಯಿರಿ. 4 ಓಮ್ ಶೇಕರ್ ಮೀಟರ್‌ನಲ್ಲಿ 3.2ರಿಂದ 3.8 ತೋರಿಸುತ್ತದೆ, 8 ಓಮ್‌ನದ್ದು 6ರಿಂದ 7. ಹೆಸರಿಗಿಂತ ಕಡಿಮೆ ಬಂತು ಅಂತ ಗಾಬರಿ ಬೇಡ, ಅದು ಹಾಗೇ. ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಮೀಟರ್ ಇಲ್ಲದಿದ್ದರೆ 1.5 ವೋಲ್ಟ್ ಸೆಲ್‌ನ ಎರಡು ತುದಿಗೆ ತಂತಿ ತಾಗಿಸಿ ಬಿಡಿ. ಜೀವ ಇರುವ ಶೇಕರ್ ಕೈಯೊಳಗೆ ಟಕ್ ಅಂತ ಒದೆಯುತ್ತದೆ.

ಚಿಕ್ಕ ಪಕ್‌ಗಳಲ್ಲಿ ಒಂದು ವಿಶೇಷ. ತಂತಿ ಬೆಸುಗೆ ಹಾಕಿದ ತಗಡಿನ ಕಿವಿ ತನ್ನದೇ ನಡುಕಕ್ಕೆ ದಣಿದು ಸೀಳುತ್ತದೆ. ಕಣ್ಣಿಗೆ ಅಂಟಿಕೊಂಡ ಹಾಗೇ ಕಾಣುತ್ತದೆ, ಅಲುಗಿದಾಗ ಬಿಡುತ್ತದೆ. ಮೀಟರ್ ಹಿಡಿದುಕೊಂಡೇ ತಂತಿಯನ್ನು ಬೆರಳಲ್ಲಿ ಮೆಲ್ಲಗೆ ಆಡಿಸಿ. ಅಂಕಿ ಕುಣಿದರೆ ಸಿಕ್ಕಿತು. ಮತ್ತೆ ಬೆಸುಗೆ ಹಾಕಿ, ಬೆಸುಗೆಯಿಂದ ಒಂದೆರಡು ಇಂಚು ದೂರದಲ್ಲಿ ತಂತಿಯನ್ನು ಪ್ಲೇಟಿಗೇ ಟೈ ಹಾಕಿ ಬಿಗಿಯಿರಿ. ಆಗ ನಡುಗುವುದು ಎರಡೂ ಒಟ್ಟಿಗೆ, ಬೆಸುಗೆ ಮೇಲೆ ಎಳೆತ ಬೀಳುವುದಿಲ್ಲ. ಆಂಪನ್ನು ರಿಗ್‌ನ ಚೌಕಟ್ಟಿಗೇ ಸ್ಕ್ರೂ ಮಾಡಿದವರಿಗೂ ಇದೇ ಕಥೆ: ಸ್ಕ್ರೂ ಟರ್ಮಿನಲ್‌ಗಳು ತಾವೇ ಸಡಿಲಾಗುತ್ತವೆ. ಆಂಪ್ ನೆಲದ ಮೇಲಿರಲಿ.

ಆಂಪ್ ಆಫ್ ಆಗಿ ಆನ್ ಆಗುತ್ತಿದೆ

ಟಿಪಿಎ3116 ಆಂಪ್‌ಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ಸ್ಪೀಕರ್‌ನ ಮೈನಸ್ ಟರ್ಮಿನಲ್ ಗ್ರೌಂಡ್ ಅಲ್ಲ. ಪ್ಲಸ್‌ನ ಹಾಗೆ ಅದರಲ್ಲೂ ಸಿಗ್ನಲ್ ಇದೆ, ತಿರುಗಾಮುರುಗಾ ಆಗಿ. ತಂತಿ ಉಳಿಸಲು ಎರಡು ಶೇಕರ್‌ಗಳ ಮೈನಸ್ ಒಂದು ಮಾಡಿದರೆ, ಅಥವಾ ಮೈನಸ್ ತಂತಿಯ ಬಿಚ್ಚಿದ ತುದಿ ಅಲ್ಯುಮಿನಿಯಂ ಪ್ರೊಫೈಲಿಗೆ (ಚೌಕಟ್ಟಿನ ಪಟ್ಟಿಗೆ) ತಗುಲಿದರೆ ಆಂಪ್ ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಅಗ್ಗದ್ದು ಆಫ್ ಆಗದೆ ಸುಟ್ಟುಹೋಗಬಹುದು.

ಎರಡನೇ ಕಾರಣ, ಒಂದೇ ಚಾನಲ್‌ಗೆ ಎರಡು 4 ಓಮ್ ಶೇಕರ್‌ಗಳನ್ನು ಪ್ಯಾರಲಲ್ ಹಾಕುವುದು. 2 ಓಮ್ ಆಯಿತು. ಸೀರೀಸ್ ಮಾಡಿ, 8 ಓಮ್ ಆಗುತ್ತದೆ, ಪವರ್ ಕಡಿಮೆಯಾದರೂ ಆಂಪ್ ಬದುಕುತ್ತದೆ.

ಮೂರನೆಯದು ಅಡಾಪ್ಟರ್. ಮೆಲ್ಲಗೆ ಓಡಿಸುವಾಗ ಸರಿ, ಕರ್ಬ್ ಹತ್ತಿದ ಕೂಡಲೇ ಆಂಪ್‌ನ ದೀಪ ಮಿಣುಕಿ ಎಲ್ಲ ಸ್ತಬ್ಧ. 24 ವೋಲ್ಟ್ ಅಂತ ಬರೆದ ಅಡಾಪ್ಟರ್ ಆ ಹೊಡೆತಕ್ಕೆ ಕುಸಿಯುತ್ತಿದೆ. ಎರಡು 50 ವ್ಯಾಟ್ ಶೇಕರ್‌ಗೆ 24 ವೋಲ್ಟ್ 5 ಆಂಪಿಯರ್, ಅಂದರೆ 120 ವ್ಯಾಟ್‌ನದ್ದು ಇಡಿ.

ವಾಲ್ಯೂಮ್ ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೂ ಮೀಟರ್ ಸಾಕು. ಸಿಮ್‌ಹಬ್‌ನಿಂದ 40 ಹರ್ಟ್ಜ್ ಪರೀಕ್ಷಾ ಟೋನ್ ಪೂರ್ತಿ ಮಟ್ಟದಲ್ಲಿ ಬಿಟ್ಟು, ಶೇಕರ್‌ನ ಎರಡು ತುದಿಗೆ ಎಸಿ ವೋಲ್ಟ್ ಅಳೆಯಿರಿ. 4 ಓಮ್ ಮೇಲೆ 10 ವೋಲ್ಟ್ ಅಂದರೆ ಹೆಚ್ಚುಕಡಿಮೆ 25 ವ್ಯಾಟ್, 14 ವೋಲ್ಟ್ ಅಂದರೆ 50 ವ್ಯಾಟ್. 10ರ ಹತ್ತಿರ ನಿಲ್ಲಿಸಿ, ಆ ಜಾಗದಲ್ಲಿ ನಾಬ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಮುಂದೆ ಏನೇ ಬೇಕಾದರೂ ಸಾಫ್ಟ್‌ವೇರ್‌ನಲ್ಲೇ ಬದಲಿಸಿ.

ಎಲ್ಲ ಕಂಪನವೂ ಒಂದೇ ಕಡೆ ಬರುತ್ತಿದೆ

ಎಡ ಚಕ್ರ ಕರ್ಬ್ ಹತ್ತಿದರೂ ಬಲ ಹತ್ತಿದರೂ ಒಂದೇ ಶೇಕರ್ ಅಲುಗುತ್ತದೆ. ನಿನ್ನೆ ತನಕ ಸರಿಯಿತ್ತು. ಹಾಗಾದರೆ ಕೇಳುವುದೇ ಬೇಡ, ವಿಂಡೋಸ್ ಅಪ್‌ಡೇಟ್ ಆಗಿದೆ.

ಸೌಂಡ್ ಸೆಟ್ಟಿಂಗ್‌ನ ಹಳೇ ಕಂಟ್ರೋಲ್ ಪ್ಯಾನೆಲ್ ತೆರೆದು, ಯುಎಸ್‌ಬಿ ಕಾರ್ಡ್ ಆರಿಸಿ, ಕಾನ್ಫಿಗರ್ ಒತ್ತಿ. 7.1 ಇದ್ದದ್ದು ಸ್ಟೀರಿಯೊಗೆ ಮರಳಿರುತ್ತದೆ. ಮತ್ತೆ 7.1 ಮಾಡಿ. ಮುಂದಿನ ಪುಟಗಳಲ್ಲಿ ಫುಲ್ ರೇಂಜ್ ಸ್ಪೀಕರ್ ಅಂತ ಕೇಳುವ ಟಿಕ್‌ಗಳನ್ನೆಲ್ಲ ಹಾಕಿ. ಹಾಕದಿದ್ದರೆ ನಿಮ್ಮ ಹತ್ತಿರ ಚಿಕ್ಕ ಸ್ಪೀಕರ್‌ಗಳಿವೆ ಅಂತ ತಿಳಿದು ಬೇಸನ್ನೆಲ್ಲ ಸಬ್ ಚಾನಲ್‌ಗೆ ಸಾಗಹಾಕಬಹುದು. ಎನ್‌ಹ್ಯಾನ್ಸ್‌ಮೆಂಟ್ ಅಂತ ಇರುವುದನ್ನೆಲ್ಲ ತೆಗೆಯಿರಿ. ಅದರಲ್ಲೂ ಲೌಡ್‌ನೆಸ್ ಈಕ್ವಲೈಸೇಶನ್ ಸಣ್ಣ ಕಂಪನವನ್ನೂ ದೊಡ್ಡ ಕಂಪನವನ್ನೂ ಒಂದೇ ಎತ್ತರಕ್ಕೆ ತಂದುಬಿಡುತ್ತದೆ.

ಜ್ಯಾಕ್‌ಗಳ ಬಣ್ಣ ನೆನಪಿರಲಿ: ಹಸಿರು ಮುಂದಿನದ್ದು, ಕಪ್ಪು ಹಿಂದಿನದ್ದು, ಕಿತ್ತಳೆ ಸೆಂಟರ್ ಮತ್ತು ಸಬ್, ಬೂದು ಪಕ್ಕದ್ದು. ಸಬ್ ಚಾನಲ್ ಅನ್ನು ನಾನಂತೂ ಶೇಕರ್‌ಗೆ ಬಳಸುವುದಿಲ್ಲ. ಅದರ ಮೇಲೆ ಡ್ರೈವರ್ ಯಾವ ಫಿಲ್ಟರ್ ಹಾಕಿರುತ್ತದೋ ಹೇಳಲಾಗುವುದಿಲ್ಲ.

ವಾಟ್ಸಾಪ್ ಮೆಸೇಜ್ ಬಂದಾಗ ಸೀಟು ದಡ್ ಅನ್ನುತ್ತದಾ? ಯುಎಸ್‌ಬಿ ಕಾರ್ಡ್ ಡೀಫಾಲ್ಟ್ ಆಗಿ ಕೂತಿದೆ. ಹೆಡ್‌ಫೋನನ್ನು ಡೀಫಾಲ್ಟ್ ಮಾಡಿ.

ಸಿಮ್‌ಹಬ್ ಓಡುತ್ತಿದೆ, ಏನೂ ಅಲುಗುತ್ತಿಲ್ಲ

ಶೇಕ್‌ಇಟ್ ಪುಟದಲ್ಲಿ ಪ್ರತಿ ಎಫೆಕ್ಟ್ ಪಕ್ಕದ ಪಟ್ಟಿ ನೋಡಿ. ಕಾರು ಓಡಿಸುವಾಗ ಪಟ್ಟಿ ಕುಣಿಯುತ್ತಿದ್ದರೆ ಟೆಲಿಮೆಟ್ರಿ ಬರುತ್ತಿದೆ, ದೋಷ ಆಡಿಯೊ ಕಡೆ. ಕುಣಿಯದಿದ್ದರೆ ಆಟದಿಂದ ಮಾಹಿತಿಯೇ ಬರುತ್ತಿಲ್ಲ.

ಎಫ್1 ಆಟಗಳಲ್ಲಿ ಯುಡಿಪಿ (ನೆಟ್‌ವರ್ಕ್ ಮೂಲಕ ಮಾಹಿತಿ ಕಳಿಸುವ ಬಗೆ) ಟೆಲಿಮೆಟ್ರಿ ಆನ್ ಇರಬೇಕು, ಪೋರ್ಟ್ 20777. ಅದೇ ಪೋರ್ಟನ್ನು ಇನ್ನೊಂದು ಪ್ರೋಗ್ರಾಮ್ ಹಿಡಿದುಕೊಂಡಿದ್ದರೆ ಸಿಮ್‌ಹಬ್‌ಗೆ ಏನೂ ಸಿಗುವುದಿಲ್ಲ. ಸಿಮ್‌ಹಬ್‌ಗೆ ಮೊದಲು ಕೊಟ್ಟು, ಅಲ್ಲಿಂದ ಫಾರ್ವರ್ಡಿಂಗ್ ಮೂಲಕ ಉಳಿದವಕ್ಕೆ ಕಳಿಸಿ. ಡರ್ಟ್ ರ್‍ಯಾಲಿ 2.0ದಲ್ಲಿ ಯುಡಿಪಿ ಆನ್ ಮಾಡುವುದು ಹಾರ್ಡ್‌ವೇರ್ ಸೆಟ್ಟಿಂಗ್ಸ್ ಫೈಲ್ ಒಳಗೆ, ಎಕ್ಸ್‌ಟ್ರಾ ಡೇಟಾ 3 ಅಂತ ಇರಬೇಕು. ಆರ್‌ಫ್ಯಾಕ್ಟರ್ 2ಕ್ಕೆ ಪ್ಲಗಿನ್ ಬೇಕು. ಉಚಿತ ಸಿಮ್‌ಹಬ್‌ನಲ್ಲಿ ಮಾಹಿತಿ ಸೆಕೆಂಡಿಗೆ 10 ಸಲ ಮಾತ್ರ ಬದಲಾಗುತ್ತದೆ, ಲೈಸೆನ್ಸ್ ಕೊಂಡರೆ 60 ಸಲ. ಗೇರ್ ಬದಲಿಸಿದ ಹೊಡೆತ ಆಗೊಮ್ಮೆ ಈಗೊಮ್ಮೆ ತಡವಾಗಿ ಬರುತ್ತಿದ್ದರೆ ಕಾರಣ ಇದೇ ಇರಬಹುದು.

ಆದರೆ ಹೊಡೆತ ಮೊದಲು, ಸದ್ದು ಆಮೇಲೆ ಬರುತ್ತಿದ್ದರೆ ಹೆಡ್‌ಫೋನ್ ನೋಡಿ. ಬ್ಲೂಟೂತ್‌ನಲ್ಲಿ ಸದ್ದು ಸುಮಾರು 100ರಿಂದ 250 ಮಿಲಿಸೆಕೆಂಡ್ ತಡ. ತಂತಿ ಇರುವುದನ್ನೇ ಹಾಕಿ.

ಆರ್‌ಪಿಎಂ ಏರಿದಾಗ ಸೀಟು ಸುಮ್ಮನಾಗುತ್ತದೆ

ಇದು ದೋಷವೇ ಅಲ್ಲ. ನಾಲ್ಕು ಸಿಲಿಂಡರ್ ಎಂಜಿನ್ 900 ಆರ್‌ಪಿಎಂನಲ್ಲಿ ನಿಂತಲ್ಲೇ ಗುರುಗುಟ್ಟುವಾಗ ಸೆಕೆಂಡಿಗೆ 30 ಸಲ ಉರಿಯುತ್ತದೆ. ಶೇಕರ್‌ಗೆ ಹಬ್ಬ. 6000ಕ್ಕೆ ಏರಿದಾಗ 200 ಸಲ. ಅದು ಶೇಕರ್‌ನ ಒಳ್ಳೆಯ ಜಾಗದಿಂದ ಬಹಳ ಆಚೆ, ಆಂಪ್‌ನ ಲೋ ಪಾಸ್ ಫಿಲ್ಟರ್ (ಮೇಲಿನ ಆವರ್ತನ ತಡೆಯುವುದು) ಇದ್ದರೆ ಅದೂ ಕಡಿದುಹಾಕುತ್ತದೆ. ಆರ್‌ಪಿಎಂ ಎಫೆಕ್ಟ್‌ನ ಮೇಲಿನ ಆವರ್ತನವನ್ನು 60, 70ಕ್ಕೆ ಇಳಿಸಿ ಹೊಂದಿಸಿ. ನಿಜವಾದ ಎಂಜಿನ್ ಹಾಗೆ ಇರುವುದಿಲ್ಲ, ಬೆನ್ನಿಗೆ ಅದು ಗೊತ್ತಾಗುವುದೂ ಇಲ್ಲ.

ಯಾವುದು ಏನು ಅಂತ ಗೊತ್ತಾಗುತ್ತಿಲ್ಲ, ಎಲ್ಲ ಕಲಸಿದ ಹಾಗಿದೆ

ಬ್ರೇಕ್ ಲಾಕ್ ಆದದ್ದು ಪಾದಕ್ಕೆ ಬರುವ ಬದಲು ಬೆನ್ನಿಗೆ ಬರುತ್ತದೆ. ಪೆಡಲ್ ಪ್ಲೇಟ್ ನೇರ ಚೌಕಟ್ಟಿಗೆ ಬೋಲ್ಟ್ ಆಗಿದ್ದರೆ ಹೀಗೇ. ಅಲ್ಯುಮಿನಿಯಂ ಪ್ರೊಫೈಲ್ ಕಂಪನವನ್ನು ಕ್ಷಣದಲ್ಲಿ ಈ ತುದಿಯಿಂದ ಆ ತುದಿಗೆ ಸಾಗಿಸುತ್ತದೆ. ಪ್ಲೇಟ್ ಮತ್ತು ಚೌಕಟ್ಟಿನ ನಡುವೆ ರಬ್ಬರ್ ಮೌಂಟ್ ಇಡಿ, ಸೀಟಿನ ಕೆಳಗೂ ಇಡಿ. ತೀರಾ ಮೆತ್ತಗಿನ ರಬ್ಬರ್ ಬೇಡ. ಒತ್ತಿದ ಬಲವನ್ನು ಅಳೆಯುವ ಲೋಡ್ ಸೆಲ್ ಬ್ರೇಕ್ ಮೇಲೆ ಜೋರಾಗಿ ಒತ್ತಿದಾಗ ಇಡೀ ಪ್ಲೇಟ್ ಕುಸಿದರೆ ಬ್ರೇಕ್‌ನ ಹದವೇ ಹೋಗುತ್ತದೆ.

ಇನ್ನೊಂದು ತಪಾಸಣೆ ಪೋಲಾರಿಟಿ. ಒಂದೇ ಹಲಗೆಗೆ ಎರಡು ಶೇಕರ್ ಇದ್ದು ಒಂದರ ತಂತಿ ತಿರುಗುಮುರುಗು ಆಗಿದ್ದರೆ ಒಂದು ಮೇಲೆ ಎತ್ತುವಾಗ ಇನ್ನೊಂದು ಕೆಳಗೆ ಎಳೆಯುತ್ತದೆ. ಒಂದೊಂದೇ ಓಡಿಸಿದರೆ ಜೋರು, ಎರಡೂ ಓಡಿಸಿದರೆ ಮಂದ. ಒಂದರ ಪ್ಲಸ್ ಮೈನಸ್ ಬದಲಿಸಿ, ಅಷ್ಟೇ.

ಆಮೇಲೆ ಸ್ವೀಪ್. ಆಡಾಸಿಟಿ ಅನ್ನುವ ಆಡಿಯೊ ಸಾಫ್ಟ್‌ವೇರ್‌ನಲ್ಲಿ 20ರಿಂದ 100 ಹರ್ಟ್ಜ್ ತನಕ ಏರುತ್ತಾ ಹೋಗುವ ಒಂದು ನಿಮಿಷದ ಚರ್ಪ್ ಟೋನ್ ತಯಾರಿಸಿ ಬಿಡಿ. ಕಣ್ಣು ಮುಚ್ಚಿ ಕೂತು, ಒಂದು ಕೈಯಲ್ಲಿ ಚೌಕಟ್ಟು ಮುಟ್ಟುತ್ತಾ ಹೋಗಿ. 40ರ ಆಸುಪಾಸು ಶೇಕರ್ ತಾನೇ ಜೋರಾಗುತ್ತದೆ, ಅದು ಸಹಜ. ಅದನ್ನು ಬಿಟ್ಟು ಬೇರೆ ಎಲ್ಲಾದರೂ ಗಡಗಡ ಬಂದರೆ ಸಡಿಲಾದ ಟಿ ನಟ್ ಅಥವಾ ರಿಗ್‌ಗೇ ಜೋಡಿಸಿದ ಮಾನಿಟರ್ ಸ್ಟ್ಯಾಂಡ್. ಮಾನಿಟರ್‌ಗೆ ಬೇರೆ ಸ್ಟ್ಯಾಂಡ್ ಮಾಡಿ.

20, 25ರಲ್ಲಿ ಶೇಕರ್ ಒಳಗಿಂದಲೇ ಟಕಟಕ ಸದ್ದು ಬಂದರೆ ತೂಕ ತನ್ನ ತಡೆಗೆ ಬಡಿಯುತ್ತಿದೆ. ಎಫೆಕ್ಟ್‌ನ ಕೆಳಗಿನ ಆವರ್ತನವನ್ನು 30ಕ್ಕೆ ಏರಿಸಿ. ಪೆಡಲ್‌ನ ಚಿಕ್ಕ ಪಕ್‌ಗಳಿಗೆ 40.

ಆಟದ ನಡುವೆ ಸೌಂಡ್ ಕಾರ್ಡ್ ಕಾಣೆ

ಡೈರೆಕ್ಟ್ ಡ್ರೈವ್ (ಸ್ಟೀರಿಂಗ್ ನೇರ ಮೋಟಾರಿಗೇ ಜೋಡಿಸಿದ) ವೀಲ್‌ಬೇಸ್ ಜೋರಾಗಿ ಎಳೆದಾಗ, ಅಥವಾ ಸಿಂಥೆಟಿಕ್ ಬಟ್ಟೆ ಹಾಕಿ ಸೀಟಿನಿಂದ ಎದ್ದಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೆ ಯುಎಸ್‌ಬಿ ಕಡಿಯುತ್ತದೆ. ಮೊದಲು ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ಹಬ್‌ಗಳ ಪವರ್ ಉಳಿತಾಯ ತೆಗೆಯಿರಿ. ಉದ್ದ ಎಕ್ಸ್‌ಟೆನ್ಶನ್ ಕೇಬಲ್ ಬಿಟ್ಟು ಕಾರ್ಡನ್ನು ಮದರ್‌ಬೋರ್ಡಿಗೇ ಚುಚ್ಚಿ. ಮೋಟಾರ್ ಕೇಬಲ್ ಮತ್ತು ಯುಎಸ್‌ಬಿ ಕೇಬಲ್ ಒಂದೇ ಕಟ್ಟಿನಲ್ಲಿ ಇರಬಾರದು.

ಆಮೇಲೆ ಚೌಕಟ್ಟಿನ ಅರ್ತಿಂಗ್. ಅಲ್ಯುಮಿನಿಯಂ ಪ್ರೊಫೈಲ್‌ಗಳ ಮೇಲಿರುವ ಆನೊಡೈಸ್ ಪದರ ಕರೆಂಟ್ ಹರಿಯಲು ಬಿಡುವುದಿಲ್ಲ. ಬೋಲ್ಟ್ ಹಾಕಿ ಬಿಗಿದ ಎರಡು ಪ್ರೊಫೈಲ್‌ಗಳ ನಡುವೆ ಮೀಟರ್ ಇಟ್ಟರೆ ಎಷ್ಟೋ ಸಲ ಏನೂ ತೋರಿಸುವುದಿಲ್ಲ. ಒಂದು ಜಾಗಕ್ಕೆ ಅರ್ತ್ ತಂತಿ ಕಟ್ಟಿ ಕೈ ತೊಳೆದುಕೊಂಡರೆ ಉಳಿದ ತುಂಡುಗಳು ತೇಲುತ್ತಲೇ ಇರುತ್ತವೆ. ಜೋಡಣೆಯ ಜಾಗದಲ್ಲಿ ಪದರವನ್ನು ಉಪ್ಪುಕಾಗದದಿಂದ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ. ಪ್ರತಿ ತುಂಡಿಗೂ ಮೀಟರ್ ಇಟ್ಟು ಒಂದು ಓಮ್‌ಗಿಂತ ಕಡಿಮೆ ಬರುತ್ತದಾ ನೋಡಿ. ಚೌಕಟ್ಟಿನಿಂದ ಕ್ಯಾಬಿನೆಟ್ ಸ್ಕ್ರೂಗೆ ಒಂದು ತಂತಿ ಎಳೆಯಿರಿ, ಒಂದೇ. ಎರಡು ಎಳೆದರೆ ಮೇಲೆ ಹೇಳಿದ ಲೂಪನ್ನು ನೀವೇ ಕಟ್ಟಿದ ಹಾಗೆ.

ಕೆಳಗಿನ ಮನೆಯವರು ಬಾಗಿಲು ಬಡಿದರೆ

30 ಹರ್ಟ್ಜ್ ಕಂಪನ ಕಾರ್ಪೆಟ್‌ಗೆ ಜಗ್ಗುವುದಿಲ್ಲ. ಅದು ನೆಲದೊಳಗೆ ಇಳಿದು ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಸದ್ದಾಗುತ್ತದೆ. ತಡೆಯಬೇಕಾದರೆ ರಿಗ್ ಕೂತ ಪ್ಯಾಡ್ ಎಷ್ಟು ಮೆತ್ತಗಿರಬೇಕು ಅಂದರೆ, ರಿಗ್ಗನ್ನು ಕೈಯಲ್ಲಿ ತಳ್ಳಿ ಬಿಟ್ಟಾಗ ಸೆಕೆಂಡಿಗೆ 15ಕ್ಕಿಂತ ಕಡಿಮೆ ಸಲ ಅಲುಗಬೇಕು. ಗಟ್ಟಿ ರಬ್ಬರ್ ಚಕ್ಕೆಯಲ್ಲಿ ಅದು ಆಗುವುದಿಲ್ಲ, ದಪ್ಪ ಸ್ಪಾಂಜಿನಂಥ ಪ್ಯಾಡ್ ಬೇಕು. ಫೈಫಾಕ್ಸ್ ಹಾಕಿದ ಫೋನನ್ನು ಈ ಸಲ ರಿಗ್ ಪಕ್ಕದ ನೆಲದ ಮೇಲೆ ಇಟ್ಟು, 30 ಹರ್ಟ್ಜ್ ಟೋನ್ ಬಿಟ್ಟು, ಪ್ಯಾಡ್ ಇದ್ದಾಗ ಮತ್ತು ಇಲ್ಲದಾಗ ಗೆರೆ ಎಷ್ಟು ಎತ್ತರ ಅಂತ ಹೋಲಿಸಿ. ರಾತ್ರಿ ಹತ್ತರ ಮೇಲೆ ಆಡುವವರು ಮೊದಲು ಆರ್‌ಪಿಎಂ ಎಫೆಕ್ಟ್ ಆಫ್ ಮಾಡಿ. ಒಂದೇ ಸಮನೆ ಓಡುವುದು ಅದೊಂದೇ. ಕರ್ಬ್ ಮತ್ತು ಗೇರ್ ಹೊಡೆತಗಳು ಗಳಿಗೆಯಲ್ಲಿ ಮುಗಿಯುವುದರಿಂದ ಅವನ್ನು ಹಾಗೇ ಬಿಡಬಹುದು.